ಲ್ಯಾಪ್‌ಟಾಪ್ ಕೀಬೋರ್ಡ್ ಕೈಕೊಟ್ಟಿತೇ? ಅಕ್ಕಿ ಡಬ್ಬಕ್ಕೆ ಹಾಕುವ ಮುನ್ನ ಇದನ್ನು ಓದಿ

"ನೀರು ಬಿದ್ದ ಲ್ಯಾಪ್‌ಟಾಪನ್ನು ರಾತ್ರಿಯಿಡೀ ಅಕ್ಕಿಯಲ್ಲಿ ಹೂತಿಡಿ." "ಹೇರ್ ಡ್ರೈಯರ್ ಹಿಡಿದರೆ ಹತ್ತೇ ನಿಮಿಷದಲ್ಲಿ ಸರಿ." "ಕೀ ಅಂಟಿಕೊಂಡಿದ್ದರೆ ಸ್ಯಾನಿಟೈಸರ್ ಹಾಕಿ ಒರೆಸಿ." ಇಂಥ ಸಲಹೆಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೀವೂ ನೋಡಿರುತ್ತೀರಿ. ನಾಳೆ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆ ಇದ್ದು ಇವತ್ತು ರಾತ್ರಿ ಕೀಬೋರ್ಡ್ ಸತ್ತುಹೋದರೆ, ಗಾಬರಿಯಲ್ಲಿ ಯಾರಾದರೂ ಇವನ್ನು ಮಾಡಿಬಿಡುತ್ತಾರೆ.

ಈ ಮೂರೂ ಸಲಹೆ ತಪ್ಪು. ಸಣ್ಣ ತೊಂದರೆಯನ್ನು ಇವು ದೊಡ್ಡದು ಮಾಡಬಹುದು. ಹಾಗೆಂದು ಕೀಬೋರ್ಡ್ ಕೆಲಸ ನಿಲ್ಲಿಸಿದ ಕೂಡಲೇ ಹೊಸದು ಹಾಕಿಸಬೇಕಿಲ್ಲ. ತೊಂದರೆ ಸಾಫ್ಟ್‌ವೇರ್‌ನದೋ ಕೀಬೋರ್ಡ್‌ನದೋ ಎಂದು ಮನೆಯಲ್ಲೇ, ಸ್ಕ್ರೂಡ್ರೈವರ್ ಮುಟ್ಟದೆ ತಿಳಿದುಕೊಳ್ಳಬಹುದು. ಅದು ಗೊತ್ತಾದ ಮೇಲೆಯೇ ದುಡ್ಡು ಖರ್ಚು ಮಾಡಿ.

ನೀರು, ಕಾಫಿ ಚೆಲ್ಲಿದೆಯೇ? ಮೊದಲು ಇದನ್ನು ಮಾಡಿ

ಚೆಲ್ಲಿದ ತಕ್ಷಣ ಚಾರ್ಜರ್ ಕೀಳಿ. ಫೈಲ್ ಉಳಿಸುತ್ತಾ ಕೂರಬೇಡಿ. ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಬ್ಯಾಟರಿ ಹೊರಗಿನಿಂದಲೇ ಬಿಚ್ಚುವಂಥದ್ದಾದರೆ ಅದನ್ನೂ ತೆಗೆಯಿರಿ. ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಲ್ಯಾಪ್‌ಟಾಪನ್ನು ಅರ್ಧ ತೆರೆದು ಡೇರೆಯ ಆಕಾರದಲ್ಲಿ ಟವೆಲ್ ಮೇಲೆ ಬೋರಲು ನಿಲ್ಲಿಸಿ. ಒಳಗೆ ಹೋದ ನೀರು ಮದರ್‌ಬೋರ್ಡ್ ಕಡೆ ಇಳಿಯದೆ ಹೊರಗೆ ಬರಲಿ ಎಂಬುದು ಇದರ ಉದ್ದೇಶ.

ಇಷ್ಟು ಅವಸರ ಏಕೆ? ನಾವು ಬಳಸುವ ನೀರಿನಲ್ಲಿ ಲವಣಗಳು ಕರಗಿರುತ್ತವೆ, ಹಾಗಾಗಿ ಅದು ವಿದ್ಯುತ್ ಹರಿಯಲು ಬಿಡುತ್ತದೆ. ಒದ್ದೆಯಾದ ಸರ್ಕ್ಯೂಟ್‌ನಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಲೋಹದ ಗೆರೆಗಳು ಬೇಗ ತುಕ್ಕು ಹಿಡಿದು ಸವೆಯುತ್ತವೆ. ವಿದ್ಯುತ್ ನಿಂತರೆ ಆ ವೇಗವೂ ತಗ್ಗುತ್ತದೆ. "ಆನ್ ಆಗುತ್ತಾ ನೋಡೋಣ" ಎಂದು ಐದು ನಿಮಿಷಕ್ಕೊಮ್ಮೆ ಬಟನ್ ಒತ್ತುವುದೇ ದೊಡ್ಡ ತಪ್ಪು.

ಚೆಲ್ಲಿದ್ದು ಬರೀ ನೀರು, ಅದೂ ನಾಲ್ಕು ಹನಿ ಎಂದಾದರೆ ಗಾಳಿಯಾಡುವ ಕಡೆ, ಫ್ಯಾನ್ ಕೆಳಗೆ, ಒಂದೆರಡು ದಿನ ಒಣಗಲು ಬಿಡಿ. ಟೀ, ಕಾಫಿ, ಜ್ಯೂಸ್, ಮಜ್ಜಿಗೆ ಅಥವಾ ಲೋಟದಷ್ಟು ನೀರು ಬಿದ್ದಿದ್ದರೆ ಕಾದು ಪ್ರಯೋಜನವಿಲ್ಲ. ನೀರು ಆರಿದರೂ ಸಕ್ಕರೆ, ಹಾಲಿನ ಅಂಶ ಒಳಗೇ ಅಂಟಿಕೊಂಡಿರುತ್ತದೆ. ಆನ್ ಮಾಡದೆ ಸರ್ವೀಸ್ ಸೆಂಟರ್‌ಗೆ ಕೊಟ್ಟು, ಬಿಚ್ಚಿ ಶುಚಿ ಮಾಡಿಸಿ. ಸಾಮಾನ್ಯ ವಾರಂಟಿಯಲ್ಲಿ ಇಂಥ ಹಾನಿ ಬಹುತೇಕ ಸೇರಿರುವುದಿಲ್ಲ. ಆಕಸ್ಮಿಕ ಹಾನಿಗೆಂದು ಪ್ರತ್ಯೇಕ ಪ್ಲಾನ್ ಕೊಂಡಿದ್ದೀರಾ ಎಂದು ಬಿಲ್ ನೋಡಿ.

ಅಕ್ಕಿ, ಹೇರ್ ಡ್ರೈಯರ್, ಸ್ಯಾನಿಟೈಸರ್: ಏಕೆ ಬೇಡ?

ಅಕ್ಕಿ: ನೀರು ಕುಳಿತಿರುವುದು ಕೀಗಳ ಅಡಿಯ ಪದರಗಳಲ್ಲಿ. ಹೊರಗಿರುವ ಅಕ್ಕಿ ಅಲ್ಲಿಂದ ಅದನ್ನು ಎಳೆದುಕೊಳ್ಳಲಾರದು. ಬದಲಿಗೆ ಅಕ್ಕಿಯ ಹಿಟ್ಟು, ನುಚ್ಚು ಒಳಗೆ ಸೇರಿ ಒದ್ದೆ ಜಾಗದಲ್ಲಿ ಅಂಟುತ್ತವೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಸಣ್ಣ ಕಣಗಳಿಂದ ಹಾನಿಯಾಗಬಹುದು ಎಂದು ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಹೇಳಿದೆ. ಫೋನಿಗಿಂತ ಹೆಚ್ಚು ಸಂದಿಗಳಿರುವ ಲ್ಯಾಪ್‌ಟಾಪ್‌ಗೂ ಈ ಮಾತು ಅನ್ವಯಿಸುತ್ತದೆ.

ಹೇರ್ ಡ್ರೈಯರ್: ಕೀಗಳ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಗಳೂ ಪುಟ್ಟ ರಬ್ಬರ್ ಗುಬ್ಬಿಗಳೂ ಇರುತ್ತವೆ. ಬಿಸಿಗೆ ಅವು ಸೊಟ್ಟಗಾಗಬಹುದು. ಗಾಳಿಯ ರಭಸಕ್ಕೆ ನೀರು ಇನ್ನೂ ಒಳಗೆ ಹೋಗಬಹುದು.

ಸ್ಯಾನಿಟೈಸರ್: ಅದರಲ್ಲಿ ಆಲ್ಕೋಹಾಲ್ ಜೊತೆ ನೀರು ಇರುತ್ತದೆ, ಸಾಮಾನ್ಯವಾಗಿ ಗ್ಲಿಸರಿನ್, ಸುವಾಸನೆಯೂ ಇರುತ್ತವೆ. ಆಲ್ಕೋಹಾಲ್ ಹಾರಿಹೋದ ಮೇಲೆ ಉಳಿದವು ಕೀ ಕೆಳಗೆ ಜಿಗುಟಾಗಿ ಕೂರುತ್ತವೆ.

ಏನೂ ಚೆಲ್ಲಿಲ್ಲವೇ? ಮೂರು ಪರೀಕ್ಷೆ ಮಾಡಿ

ಒಂದು: ಪೂರ್ತಿ ಆಫ್ ಮಾಡಿ ಆನ್ ಮಾಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಮತ್ತು ಹೊರಗಿನಿಂದ ಸಿಕ್ಕಿಸಿದ್ದನ್ನೆಲ್ಲ ತೆಗೆದು, ಪವರ್ ಬಟನ್ ಅನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಕೀಗಳನ್ನು ಓದುವ ಒಂದು ಪುಟ್ಟ ಚಿಪ್ ಒಳಗಿರುತ್ತದೆ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಅದಕ್ಕೆ ಅಲ್ಪ ವಿದ್ಯುತ್ ಸಿಗುತ್ತಿರುತ್ತದೆ. ಅದು ಗೊಂದಲಕ್ಕೆ ಬಿದ್ದಿದ್ದರೆ ಹೀಗೆ ಮಾಡಿದಾಗ ಮೊದಲಿನಿಂದ ಕೆಲಸ ಶುರುಮಾಡುತ್ತದೆ. ವಿಂಡೋಸ್‌ನಲ್ಲಿ 'ರೀಸ್ಟಾರ್ಟ್' ಅನ್ನೂ ಒಮ್ಮೆ ಒತ್ತಿ ನೋಡಿ. 'ಫಾಸ್ಟ್ ಸ್ಟಾರ್ಟ್‌ಅಪ್' ಆನ್ ಇದ್ದರೆ 'ಶಟ್ ಡೌನ್' ಮಾಡಿದಾಗ ವಿಂಡೋಸ್‌ನ ಒಂದು ಭಾಗ ಹಳೆಯ ಸ್ಥಿತಿಯಲ್ಲೇ ಉಳಿದಿರುತ್ತದೆ.

ಎರಡು: ವಿಂಡೋಸ್ ಶುರುವಾಗುವ ಮೊದಲೇ ಕೀ ಒತ್ತಿ ನೋಡಿ. ಆನ್ ಮಾಡಿದ ಕೂಡಲೇ ಎಫ್2, ಎಸ್ಕೇಪ್, ಡಿಲೀಟ್ ಅಥವಾ ಎಫ್10 ಕೀಯನ್ನು ಪದೇ ಪದೇ ಒತ್ತಿ. ಯಾವುದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಬಯಾಸ್ ಎಂಬ ಸೆಟ್ಟಿಂಗ್ ಪರದೆ ತೆರೆದು, ಬಾಣದ ಗುರುತಿನ ಕೀಗಳು ಅಲ್ಲಿ ಕೆಲಸ ಮಾಡಿದರೆ ಕೀಬೋರ್ಡ್ ಬದುಕಿದೆ, ತೊಂದರೆ ವಿಂಡೋಸ್‌ನಲ್ಲಿದೆ ಎಂದರ್ಥ. ಅಲ್ಲಿ ಏನನ್ನೂ ಬದಲಿಸದೆ ಹೊರಬನ್ನಿ.

ಮೂರು: ಬೇರೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ. ಅಕ್ಕಪಕ್ಕದ ಮನೆಯಿಂದ ತಂದದ್ದಾದರೂ ಆಗುತ್ತದೆ. ಅದು ಸರಿಯಾಗಿದ್ದು, ಲ್ಯಾಪ್‌ಟಾಪಿನದು ಬಯಾಸ್‌ನಲ್ಲೂ ಓಡದಿದ್ದರೆ ದೋಷ ಕೀಬೋರ್ಡ್‌ನದು ಅಥವಾ ಅದರ ಕೇಬಲ್‌ನದು. ಎರಡರಲ್ಲೂ ಒಂದೇ ತಪ್ಪು ಕಂಡರೆ ಸಾಫ್ಟ್‌ವೇರ್ ಕಡೆ ನೋಡಿ.

ಕೆಟ್ಟಿಲ್ಲ, ಸೆಟ್ಟಿಂಗ್ ಬದಲಾಗಿದೆ

ನಮ್ಮ ತಂಡದ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಅಕ್ಷರಗಳು ಮೂಡದಾದವು. ಕೀಯನ್ನು ಒತ್ತಿ ಹಿಡಿದರೆ ಮಾತ್ರ ಬರುತ್ತಿದ್ದವು. ರಿಪೇರಿ ಅಂಗಡಿಯವರು ನೋಡಿ ಹೊಸ ಕೀಬೋರ್ಡ್ ಹಾಕಬೇಕು ಎಂದರು. ಅಸಲಿಗೆ 'ಫಿಲ್ಟರ್ ಕೀಸ್' ಆನ್ ಆಗಿತ್ತು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ಇದು ಶುರುವಾಗುತ್ತದೆ. ಕೈ ನಡುಗುವವರಿಗೆ ಅನುಕೂಲವಾಗಲೆಂದು ಮಾಡಿದ ಸೌಲಭ್ಯ ಇದು. ಚುಟುಕಾಗಿ ಒತ್ತಿದ ಕೀಗಳನ್ನು ಗಣನೆಗೆ ತೆಗೆದುಕೊಳ್ಳದಂತೆ ಮಾಡಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ತೆರೆದು ಆಫ್ ಮಾಡಿದರೆ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಇಂಥವೇ ಇನ್ನೂ ಕೆಲವು:

• ಜೆ ಒತ್ತಿದರೆ 1, ಕೆ ಒತ್ತಿದರೆ 2, ಎಲ್ ಒತ್ತಿದರೆ 3 ಬರುತ್ತಿದೆಯೇ? ಪ್ರತ್ಯೇಕ ಸಂಖ್ಯೆ ಕೀಗಳಿಲ್ಲದ ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಂಬರ್ ಲಾಕ್ ಆನ್ ಆದರೆ ಹೀಗಾಗುತ್ತದೆ. ನಂಬರ್ ಲಾಕ್ ಕೀಯನ್ನು, ಬೇಕಿದ್ದರೆ ಎಫ್‌ಎನ್ ಕೀ ಜೊತೆ, ಒತ್ತಿ.

• ಇಂಗ್ಲಿಷ್ ಬದಲು ಕನ್ನಡ ಬರುತ್ತಿದೆಯೇ? ಕನ್ನಡ ಟೈಪ್ ಮಾಡುವವರ ಮನೆಯಲ್ಲಿ ಇದು ಮಾಮೂಲು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಜೆ ಒತ್ತಿದರೆ 'ರ', ಎಚ್ ಒತ್ತಿದರೆ 'ಪ' ಮೂಡುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಿ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಎಂದು ತೋರಿಸುತ್ತಿದ್ದರೆ ಮೊದಲು ಇದನ್ನೇ ನೋಡಿ.

• ಪರದೆಯನ್ನು ಹಿಂದಕ್ಕೆ ಮಡಚುವ ಲ್ಯಾಪ್‌ಟಾಪೇ? ಹಾಗೆ ಮಡಚಿದಾಗ ಕೀಬೋರ್ಡ್ ತಾನಾಗಿ ಆಫ್ ಆಗುತ್ತದೆ. ಒಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ.

• ಬಯಾಸ್‌ನಲ್ಲಿ ಓಡಿ ವಿಂಡೋಸ್‌ನಲ್ಲಿ ಓಡದಿದ್ದರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಕೀಬೋರ್ಡ್ಸ್' ಅಡಿಯಲ್ಲಿರುವುದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ತಾನೇ ಮತ್ತೆ ಹಾಕಿಕೊಳ್ಳುತ್ತದೆ.

ಕೀಬೋರ್ಡೇ ಇಲ್ಲದೆ ಪಾಸ್‌ವರ್ಡ್ ಹಾಕುವುದು ಹೇಗೆ? ಲಾಗಿನ್ ಪರದೆಯ ಕೆಳಗೆ ಬಲ ಮೂಲೆಯಲ್ಲಿ ಆ್ಯಕ್ಸೆಸಿಬಿಲಿಟಿ ಗುರುತು ಇರುತ್ತದೆ. ಅದನ್ನು ಒತ್ತಿ 'ಆನ್-ಸ್ಕ್ರೀನ್ ಕೀಬೋರ್ಡ್' ಆರಿಸಿದರೆ ಪರದೆ ಮೇಲೆಯೇ ಕೀಬೋರ್ಡ್ ಬರುತ್ತದೆ. ಟಚ್‌ಪ್ಯಾಡ್ ಅಥವಾ ಮೌಸ್‌ನಿಂದ ಟೈಪ್ ಮಾಡಬಹುದು.

ಒಂದು ಕೀ ಸತ್ತಿದೆಯೋ, ಒಂದು ಗುಂಪೋ?

ಕೀಬೋರ್ಡ್‌ನ ಒಳಗೆ ಪ್ರತಿ ಕೀಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಚದುರಂಗದ ಮಣೆಯಂತೆ ಅಡ್ಡ ಮತ್ತು ಉದ್ದ ಗೆರೆಗಳಿರುತ್ತವೆ. ಕೀ ಒತ್ತಿದಾಗ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಕೂಡುತ್ತವೆ. ಯಾವ ಜಾಗದಲ್ಲಿ ಕೂಡಿತು ಎಂಬುದರಿಂದ ಚಿಪ್‌ಗೆ ಅಕ್ಷರ ತಿಳಿಯುತ್ತದೆ.

ಆದ್ದರಿಂದ ಒಂದೇ ಕೀ ಓಡುತ್ತಿಲ್ಲ ಎಂದರೆ ಅದರ ಕೆಳಗೆ ಧೂಳು, ತಿಂಡಿಯ ಚೂರು ಸಿಕ್ಕಿರುವ ಸಾಧ್ಯತೆ ಹೆಚ್ಚು. ಹಲವು ಕೀಗಳು ಒಟ್ಟಿಗೆ ಸತ್ತಿದ್ದರೆ ಒಂದು ಗೆರೆಯೇ ತುಂಡಾಗಿರಬಹುದು. ಎಲ್ಲವೂ ಸತ್ತು, ಬಯಾಸ್‌ನಲ್ಲೂ ಓಡದಿದ್ದರೆ ಮದರ್‌ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ಸಡಿಲವಾಗಿರಬಹುದು.

ಧೂಳಿನ ಮಾತು ಕ್ಷುಲ್ಲಕವಲ್ಲ. ಆಪಲ್ 2015ರಲ್ಲಿ ತಂದ ತೆಳು 'ಬಟರ್‌ಫ್ಲೈ' ಕೀಬೋರ್ಡ್‌ಗಳಲ್ಲಿ ಕೀಗಳು ಸಿಕ್ಕಿಕೊಳ್ಳುವ, ಎರಡೆರಡು ಬಾರಿ ಮೂಡುವ ದೂರು ಹೆಚ್ಚಾಗಿ, ಕಂಪನಿ 2018ರಲ್ಲಿ ಉಚಿತ ರಿಪೇರಿ ಯೋಜನೆ ಪ್ರಕಟಿಸಬೇಕಾಯಿತು.

ಶುಚಿ ಮಾಡಲು ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಓರೆಯಾಗಿ ಹಿಡಿದು ಮೆತ್ತನೆ ಬ್ರಷ್‌ನಿಂದ ಗುಡಿಸಿ. ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರ್ ಇದ್ದರೆ ಒಳ್ಳೆಯದು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಅಂಟು ಇದ್ದರೆ ಶೇ 90ಕ್ಕಿಂತ ಹೆಚ್ಚು ಶುದ್ಧವಾದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿಯನ್ನು ತುಸು ಅದ್ದಿ ಕೀ ಅಂಚಿನಲ್ಲಿ ಒರೆಸಿ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಒಲೆ, ದೀಪ ಹತ್ತಿರವಿರಬಾರದು. ಪೂರ್ತಿ ಆರಿದ ಮೇಲಷ್ಟೇ ಆನ್ ಮಾಡಿ. ಕೀ ಎಬ್ಬಿಸುವ ಸಾಹಸ ಬೇಡ. ಕೆಳಗಿನ ಪ್ಲಾಸ್ಟಿಕ್ ಕೊಕ್ಕೆ ಮುರಿದರೆ ಆ ಕೀ ಮತ್ತೆ ನಿಲ್ಲುವುದಿಲ್ಲ.

ಮನೆಯಲ್ಲಿ ಎಲ್ಲಿಗೆ ನಿಲ್ಲಿಸಬೇಕು?

ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಲ್ಯಾಪ್‌ಟಾಪ್ ಸರಿಯಾಗಿ ಮುಚ್ಚದಿದ್ದರೆ ಅದು ಕೀಬೋರ್ಡ್ ತೊಂದರೆ ಅಲ್ಲದಿರಬಹುದು. ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಊದಿದ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತಬಹುದು. ಸರ್ವೀಸ್ ಸೆಂಟರ್‌ನವರೇ ಅದನ್ನು ಬಿಚ್ಚಲಿ.

ವಾರಂಟಿ ಇದ್ದರೆ ಸ್ಕ್ರೂ ಬಿಚ್ಚಬೇಡಿ. ಇಲ್ಲದಿದ್ದರೂ ಪಟ್ಟಿ ಕೇಬಲ್‌ನ ಪುಟ್ಟ ಚಿಲಕ ಮುರಿದರೆ ಮದರ್‌ಬೋರ್ಡಿಗೇ ಕೈ ಹಾಕಬೇಕಾಗುತ್ತದೆ. ಅಭ್ಯಾಸವಿಲ್ಲದವರಿಗೆ ಬೇಡ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ಮೇಲಿನ ಕವಚಕ್ಕೇ ಬೆಸೆದಿರುತ್ತದೆ. ಬರೀ ಕೀಬೋರ್ಡ್ ಬದಲಿಸಲು ಆಗುತ್ತದೆಯೇ, ಇಡೀ ಕವಚ ಬೇಕೇ ಎಂದು ಮೊದಲೇ ಕೇಳಿ, ಅಂದಾಜು ವೆಚ್ಚ ಬರೆಸಿಕೊಳ್ಳಿ. ಅಷ್ಟು ದುಡ್ಡು ಈಗ ಇಲ್ಲದಿದ್ದರೆ, ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕೀಬೋರ್ಡ್‌ನಲ್ಲಿ ಪರೀಕ್ಷೆಯನ್ನೂ ಬರೆಯಬಹುದು, ಕೆಲಸವನ್ನೂ ಮಾಡಬಹುದು. ರಿಪೇರಿಗೆ ಕೊಡುವ ಮುನ್ನ ಫೋಟೊ, ದಾಖಲೆಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಇನ್ನೊಂದು ಎಚ್ಚರ. ಕಸ್ಟಮರ್ ಕೇರ್ ನಂಬರ್‌ಗಾಗಿ ಗೂಗಲ್ ಮಾಡಿ ಸಿಕ್ಕ ಮೊದಲ ನಂಬರಿಗೆ ಕರೆ ಮಾಡಬೇಡಿ. ವಂಚಕರು ನಕಲಿ ನಂಬರ್ ಹಾಕಿರುತ್ತಾರೆ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, ಒಟಿಪಿ ಕೇಳಿ ಖಾತೆ ಖಾಲಿ ಮಾಡುತ್ತಾರೆ. ನಂಬರನ್ನು ವಾರಂಟಿ ಕಾರ್ಡ್ ಅಥವಾ ಕಂಪನಿಯ ಅಧಿಕೃತ ವೆಬ್‌ಸೈಟ್‌ನಿಂದಲೇ ತೆಗೆದುಕೊಳ್ಳಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಕ್ಕಿಯ ಫಾರ್ವರ್ಡ್ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರಿಗೆ ಇಷ್ಟು ಹೇಳಿ: ನೀರು ಬಿದ್ದರೆ ಆಫ್ ಮಾಡಿ ಬೋರಲು ನಿಲ್ಲಿಸಿ, ಬೀಳದಿದ್ದರೆ ಮೊದಲು ಮೂರು ಪರೀಕ್ಷೆ ಮಾಡಿ. ಅಕ್ಕಿ ಅಡುಗೆಗೆ ಇರಲಿ.