ಥೈರಾಯ್ಡ್ ಲಿಂಫೋಮಾ

ಥೈರಾಯ್ಡ್ ಗ್ರಂಥಿಯಲ್ಲೇ ಹುಟ್ಟುವ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ. 5ಕ್ಕಿಂತ ಕಡಿಮೆ. 60 ದಾಟಿದ ಹೆಂಗಸರಲ್ಲಿ ಹೆಚ್ಚು.

ಆರೋಗ್ಯವಂತ ಥೈರಾಯ್ಡ್‌ನಲ್ಲಿ ಲಿಂಫೋಸೈಟ್‌ಗಳು ಗುಂಪುಗೂಡಿರುವುದಿಲ್ಲ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಉರಿಯೂತದಲ್ಲಿ ಅವು ಗ್ರಂಥಿಯೊಳಗೆ ಬಂದು ನೆಲೆಸುತ್ತವೆ. ಹೆಚ್ಚಿನ ಥೈರಾಯ್ಡ್ ಲಿಂಫೋಮಾಗಳು ಇಂಥ ಗ್ರಂಥಿಯಲ್ಲೇ ತಲೆಯೆತ್ತುತ್ತವೆ. ಹಾಗೆಂದು ಈ ಉರಿಯೂತದಿಂದ ಥೈರಾಯ್ಡ್ ಮಾತ್ರೆ ನುಂಗುವವರೆಲ್ಲ ಹೆದರಬೇಕಿಲ್ಲ. ಹಶಿಮೊಟೊ ಇರುವವರಲ್ಲಿ ಬಹುಪಾಲು ಜನರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ.

ವರ್ಷಗಟ್ಟಲೆ ಸುಮ್ಮನಿದ್ದ ಥೈರಾಯ್ಡ್ ಗಂಟು ಕೆಲವೇ ವಾರಗಳಲ್ಲಿ ಊದಿಕೊಂಡರೆ, ದನಿ ಒಡೆದರೆ, ಅನ್ನ ನುಂಗಲು ಕಷ್ಟವಾದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಅಲ್ಟ್ರಾಸೌಂಡ್‌ನಲ್ಲಿ ಗಂಟು ಸಾಮಾನ್ಯವಾಗಿ ಕಡುಗಪ್ಪಾಗಿ ಕಾಣುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ತೆಳು ಸೂಜಿಯಿಂದ ತೆಗೆದ ಮಾದರಿಯಲ್ಲಿ ನಿಧಾನಗತಿಯ ಮಾಲ್ಟ್ ಲಿಂಫೋಮಾವೂ ಹಶಿಮೊಟೊ ಉರಿಯೂತವೂ ಒಂದೇ ರೀತಿ ಕಾಣಬಹುದು. ಬಿರುಸಾಗಿ ಬೆಳೆಯುವ ಬಗೆಯನ್ನು ಮಾರಕವಾದ ಅನಾಪ್ಲಾಸ್ಟಿಕ್ ಕ್ಯಾನ್ಸರ್ ಎಂದು ತಪ್ಪಾಗಿ ತಿಳಿಯುವುದೂ ಉಂಟು. ಹಾಗಾಗಿ ದಪ್ಪ ಸೂಜಿಯ ಅಥವಾ ಕೊಯ್ದು ತೆಗೆದ ಬಯಾಪ್ಸಿಯೇ ಬೇಕು. ಅದರ ಮೇಲೆ ಸಿಡಿ20 ಮುಂತಾದ ಗುರುತುಗಳ ಇಮ್ಯುನೊ ಪರೀಕ್ಷೆ ನಡೆಯಬೇಕು. ಉಸಿರಾಟಕ್ಕೆ ತೀರಾ ಅಪಾಯವಿಲ್ಲದಿದ್ದರೆ ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಕೊಡದಿರುವುದು ಒಳಿತು; ಗಂಟು ಕರಗಿ ಉತ್ತರವೇ ಸಿಗದೆ ಹೋಗಬಹುದು.

ಇಷ್ಟೆಲ್ಲ ಎಚ್ಚರ ಏಕೆಂದರೆ, ಚಿಕಿತ್ಸೆಯ ದಾರಿಯೇ ಬೇರೆ. ಇತರ ಥೈರಾಯ್ಡ್ ಕ್ಯಾನ್ಸರ್‌ಗಳಿಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಇಲ್ಲಿ ಇಡೀ ಗ್ರಂಥಿ ತೆಗೆಯುವ ಅಗತ್ಯ ಅಪರೂಪ. ಅತಿ ಸಾಮಾನ್ಯವಾದ, ದೊಡ್ಡ ಬಿ ಕಣಗಳ ಬಗೆಗೆ ರಿಟುಕ್ಸಿಮ್ಯಾಬ್ ಸೇರಿದ ಆರ್-ಚಾಪ್ ಕೀಮೋವನ್ನು ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಕೊಡುತ್ತಾರೆ. ಹಲವರಿಗೆ ಬಳಿಕ ರೇಡಿಯೇಷನ್, ಅಂದರೆ ಜನ ಹೇಳುವ ‘ಕರೆಂಟು’. ಕತ್ತು ಬಿಗಿದಿದ್ದ ಗಂಟು ಎಷ್ಟೋ ಸಲ ಮೊದಲ ಕೆಲವು ದಿನಗಳಲ್ಲೇ ಇಳಿಯತೊಡಗುತ್ತದೆ. ಕೀಮೋಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ, ಹೃದಯದ ಎಕೊ ಕಡ್ಡಾಯ. ಗ್ರಂಥಿಯಲ್ಲೇ ಉಳಿದ ಮಾಲ್ಟ್ ಬಗೆಗೆ ಬಹುತೇಕ ರೇಡಿಯೇಷನ್ ಒಂದೇ ಸಾಕು.

ಎಲ್ಲಿಗೆ ಹೋಗಬೇಕು? ಉದಾಹರಣೆಗೆ, ಶಿವಮೊಗ್ಗದ ವಿದ್ಯಾನಗರದವರಿಗಾಗಲಿ ಭದ್ರಾವತಿಯವರಿಗಾಗಲಿ ಸರ್ಕಾರಿ ವ್ಯವಸ್ಥೆಯಲ್ಲಿ ಮೊದಲ ಬಾಗಿಲು ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆಯಿದೆ. ಹೊರಡುವಾಗ ಬಯಾಪ್ಸಿಯ ವರದಿಯ ಜೊತೆಗೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಲ್ಯಾಬ್‌ನಿಂದ ಕೇಳಿ ಪಡೆದು ಒಯ್ಯಬೇಕು. ಅದೇ ಬ್ಲಾಕಿನಿಂದ ಅಲ್ಲಿ ಇಮ್ಯುನೊ ಪರೀಕ್ಷೆ ಮಾಡಲು ಸಾಧ್ಯ.