ಏಳರಿಂದ ಏಳೂವರೆ

ಏಪ್ರಿಲ್ ಬಂತೆಂದರೆ ಸಿಂಧನೂರಿನಲ್ಲಿ ಎರಡನೇ ಬೆಳೆಯ ಕೊಯ್ಲು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ವರ್ಷ ವಲಸೆ ರೈತರ ಕ್ಯಾಂಪುಗಳ ಗದ್ದೆಯಲ್ಲಿ ಕಟಾವು ಯಂತ್ರಗಳಿಗೆ ಬಿಡುವಿರುವುದಿಲ್ಲ, ರಸ್ತೆ ಬದಿಯ ತಾಡಪಾಲಿನ ಮೇಲೆ ನೆಲ್ಲು ಒಣಗುತ್ತಿರುತ್ತದೆ. ಐಪಿಎಲ್ ಕೂಡ ಅದೇ ಹೊತ್ತಿಗೆ ಬರುತ್ತದೆ. ಸಂಜೆ ಏಳಕ್ಕೆ ಟಾಸ್, ಏಳೂವರೆಗೆ ಮೊದಲ ಎಸೆತ. ನಡುವಿನ ಅರ್ಧ ಗಂಟೆ ಚಹಾದಂಗಡಿಯ ಬೆಂಚಿನ ಮೇಲೆ, ರಾಶಿ ಕಾಯುವವರ ಕೈಯಲ್ಲಿ, ಲಿಂಗಸುಗೂರಿನ ಬಸ್ಸಿನಲ್ಲಿ ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ‘ಇವತ್ತು ಯಾರು ಕುಂತಾರ? ಅವನ ಬದ್ಲಿ ಯಾರ್ ಬಂದಾರ?’ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು 1915ರಲ್ಲಿ ಬಂಡೆಯ ಮೇಲೆ ಸಿಕ್ಕ ಒಂದು ಹೆಸರಿನಿಂದ ಖಚಿತವಾದ ಊರು ಮಸ್ಕಿ. ಅಲ್ಲೂ ಆ ಅರ್ಧ ಗಂಟೆ ಕಾಯುವುದು ಒಂದು ಹೆಸರಿಗಾಗಿಯೇ.

ಈ ಕಾಯುವಿಕೆ ಹುಟ್ಟಿದ್ದು ಕ್ರಿಕೆಟ್ಟಿನಲ್ಲಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ 1946ರ ಫೈನಲ್ ಪಂದ್ಯಕ್ಕೆ ಜೂಜಿನ ಕಳಂಕ ಅಂಟಿತು. ಯಾರಿಗೆ ಏನು ಪೆಟ್ಟಾಗಿದೆ ಎಂಬುದು ಗುಟ್ಟಾಗಿದ್ದಷ್ಟೂ ಜೂಜುಕೋರರಿಗೆ ಲಾಭ ಎಂದು ಕಂಡುಕೊಂಡ ಲೀಗ್, ಗಾಯಾಳುಗಳ ಹೆಸರನ್ನು ತಂಡಗಳೇ ಬಹಿರಂಗವಾಗಿ ಹೇಳಬೇಕೆಂದು 1947ರಿಂದ ಕಟ್ಟುಪಾಡು ಮಾಡಿತು. ಅಲ್ಲಿನ ವಾರಕ್ಕೆ ಅದರದೇ ಲಯವಿದೆ. ಭಾನುವಾರ ಪಂದ್ಯ. ಬುಧವಾರ, ಗುರುವಾರ, ಶುಕ್ರವಾರ ಅಭ್ಯಾಸಕ್ಕೆ ಇಳಿದವರು ಯಾರು, ಕುಂಟಿದವರು ಯಾರು ಎಂಬ ಪಟ್ಟಿ. ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಅಂತಿಮ ಪಟ್ಟಿ.

1962ರಲ್ಲಿ ಓಕ್ಲೆಂಡ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು, ನಿಜ ಆಟಗಾರರನ್ನು ಹಂಚಿಕೊಂಡು ಕಾಗದದ ಮೇಲೆ ತಂಡ ಕಟ್ಟುವ ಆಟವೊಂದನ್ನು ಹೂಡಿದರು. ಫ್ಯಾಂಟಸಿ ಫುಟ್‌ಬಾಲ್ ಎಂದರೆ ಅದೇ. ಜೂಜನ್ನು ತಡೆಯಲು ಬಂದ ಗಾಯದ ಪಟ್ಟಿ ಈ ಆಟದವರಿಗೆ ಪಂಚಾಂಗವಾಯಿತು. ಭಾನುವಾರ ಒಬ್ಬನ ಮೊಣಕಾಲು ತಿರುಚಿದರೆ, ಮಂಗಳವಾರದ ಹೊತ್ತಿಗೆ ಸಾವಿರಾರು ಮನೆಗಳಲ್ಲಿ ಅವನ ಬದಲಿಯ ಹುಡುಕಾಟ.

ನಮ್ಮಲ್ಲಿ ಆ ವಾರವೇ ಕುಗ್ಗಿಹೋಯಿತು. 2008ರಲ್ಲಿ ಶುರುವಾದ ಫ್ಯಾಂಟಸಿ ಕಂಪನಿ ಡ್ರೀಮ್11, 2012ರ ಸುಮಾರಿಗೆ ಒಂದೊಂದು ಪಂದ್ಯಕ್ಕೆ ಒಂದೊಂದು ತಂಡ ಎಂಬ ಪದ್ಧತಿಗೆ ಬಂತು. ಅಲ್ಲಿ ಏಳು ದಿನ ತೂಗಿ ನೋಡುತ್ತಿದ್ದುದನ್ನು ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಬೇಕಿತ್ತು. ಯೋಚನೆಗೆ ಬಿಡುವಿಲ್ಲದ ಕಡೆ ಕೈಯೇ ಮುಂದೋಡುತ್ತದೆ. ಆಟಕ್ಕೆ ಪ್ರವೇಶ ಶುಲ್ಕವೆಂದು ಕಟ್ಟಿದ ಹಣ ಹೋದದ್ದು ಆ ಅವಸರದಲ್ಲೇ.

ಬದಲಿ ಎಂಬ ಮಾತು ಮಾತ್ರ ಈ ಭಾಗಕ್ಕೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ನಡೆಯುವುದೇ ಪಾಳಿಯ ಲೆಕ್ಕದ ಮೇಲೆ. ದೇಶದ ಹತ್ತಿ ಗಿರಣಿಗಳಲ್ಲಂತೂ ಬೆಳಗಾದರೆ ಗೇಟಿನ ಮುಂದೆ ನಿಂತು, ಯಾರಾದರೂ ಬರದಿದ್ದರೆ ಅವರ ಜಾಗಕ್ಕೆ ಹೋಗುವವರದೇ ಒಂದು ವರ್ಗವಿತ್ತು. ಕೈಗಾರಿಕಾ ವಿವಾದಗಳ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲೂ ಅವರಿಗೆ ‘ಬದ್ಲಿ’ ಎಂದೇ ಹೆಸರಿತ್ತು. ಬಾರದವನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರುತ್ತದೆ, ಬಂದವನ ಹೊಟ್ಟೆ ಅಂದಿನ ಮಟ್ಟಿಗೆ ತುಂಬುತ್ತದೆ. ಇಬ್ಬರದೂ ಮನುಷ್ಯ ಸಂಕಟ. ಮೊಬೈಲಿನ ಪಟ್ಟಿಯಲ್ಲಿ ಕಾಣದೆ ಹೋಗುವುದು ಇದೇ.

ಕ್ರಿಕೆಟ್ಟಿನಲ್ಲಿ ಬಹುಕಾಲ ಬದಲಿಗೆ ಅಧಿಕಾರವೇ ಇರಲಿಲ್ಲ. ಅವನು ಓಡಿ ಚೆಂಡು ಹಿಡಿಯಬಹುದಿತ್ತು, ಬ್ಯಾಟು ಮಾಡುವಂತಿರಲಿಲ್ಲ, ಬೌಲಿಂಗ್ ಮಾಡುವಂತಿರಲಿಲ್ಲ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಅವರ ಪಾಲಿನ ಓವರುಗಳನ್ನು ಹಾಕಲು ಹೊರಗಿನಿಂದ ಯಾರೂ ಬರುವಂತಿರಲಿಲ್ಲ. ತಲೆಯಿಂದ ಗಲ್ಲದವರೆಗೆ ಪಟ್ಟಿ ಸುತ್ತಿಕೊಂಡು ಇಳಿದ ಕುಂಬ್ಳೆ, ಬಿಡುವಿಲ್ಲದೆ 14 ಓವರ್ ಹಾಕಿ ಬ್ರಯಾನ್ ಲಾರಾ ವಿಕೆಟ್ ತೆಗೆದರು. ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರು. ಆ ಬಿಳಿ ಪಟ್ಟಿಯ ಚಿತ್ರವನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಹಾಗೆಂದು ಅದನ್ನು ಪದ್ಧತಿ ಮಾಡಿಕೊಳ್ಳುವುದು ತಪ್ಪಾಗುತ್ತಿತ್ತು. ತಲೆಗೆ ಪೆಟ್ಟಾದವನ ಜಾಗದಲ್ಲಿ ಪೂರ್ಣ ಪ್ರಮಾಣದ ಬದಲಿ ಆಡಬಹುದೆಂಬ ನಿಯಮ 2019ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಬಂತು. ಮರುವರ್ಷದ ಡಿಸೆಂಬರ್ 4ರಂದು ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜಾ ಹೆಲ್ಮೆಟಿಗೆ ಚೆಂಡು ಬಡಿಯಿತು. ಹನ್ನೊಂದರಲ್ಲಿ ಇಲ್ಲದ ಯಜುವೇಂದ್ರ ಚಹಲ್ ಅವರ ಬದಲಿಯಾಗಿ ಬಂದು 25 ರನ್ನಿಗೆ 3 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು.

ಬೆಂಗಳೂರಿನ ಐಪಿಎಲ್ ತಂಡದ ಚರಿತ್ರೆಯನ್ನು ಬದಲಿಗಳಿಂದಲೇ ಬರೆಯಬಹುದು. 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಕ್ರಿಸ್ ಗೇಲ್, ಗಾಯಗೊಂಡ ಡಿರ್ಕ್ ನಾನೆಸ್ ಜಾಗಕ್ಕೆ ಬಂದವರು. ಏಪ್ರಿಲ್ 22ರಂದು ಕೋಲ್ಕತ್ತದಲ್ಲಿ ಮೊದಲ ಪಂದ್ಯದಲ್ಲೇ ಔಟಾಗದೆ 102. ಆ ಋತುವಿನಲ್ಲಿ ಅತಿ ಹೆಚ್ಚು ರನ್ ಅವರದೇ, 608.

2022ರ ಕಥೆ ಇನ್ನೂ ಹತ್ತಿರದ್ದು. ಕರ್ನಾಟಕದ ಯುವ ವಿಕೆಟ್ ಕೀಪರ್ ಲವ್‌ನಿತ್ ಸಿಸೋಡಿಯಾ ಗಾಯಗೊಂಡರು. ಅವರ ಜಾಗಕ್ಕೆ 20 ಲಕ್ಷ ರೂಪಾಯಿಗೆ ಬಂದವರು ರಜತ್ ಪಾಟೀದಾರ್. ಮೇ 25ರ ಎಲಿಮಿನೇಟರ್‌ನಲ್ಲಿ ಪಾಟೀದಾರ್ ಔಟಾಗದೆ 112 ಬಾರಿಸಿದ ರಾತ್ರಿ, ಸಿಸೋಡಿಯಾರನ್ನು ನೆನೆದವರು ಎಷ್ಟು ಮಂದಿ? ಮುಂದಿನ ವರ್ಷ ಹಿಮ್ಮಡಿ ನೋವು ಪಾಟೀದಾರರನ್ನೇ ಇಡೀ ಋತು ಕೂರಿಸಿತು. ಆಗ ಬಾಗಿಲು ತೆರೆದದ್ದು ಕನ್ನಡಿಗ ವೈಶಾಖ್ ವಿಜಯಕುಮಾರ್‌ಗೆ. ಏಪ್ರಿಲ್ 15ರಂದು ಡೆಲ್ಲಿ ವಿರುದ್ಧದ ಮೊದಲ ಪಂದ್ಯದಲ್ಲೇ ಅವರು 20 ರನ್ನಿಗೆ 3 ವಿಕೆಟ್ ಕಿತ್ತರು. ಎರಡು ವಾರ ಕಳೆದು, ಮೇ 1ರಂದು ಲಕ್ನೋದಲ್ಲಿ ಚೆಂಡಿನ ಬೆನ್ನುಹತ್ತಿದ ಕೆ.ಎಲ್. ರಾಹುಲ್ ತೊಡೆ ಹಿಡಿದುಕೊಂಡು ಕುಸಿದರು. ಅವರ ಲಕ್ನೋ ತಂಡ ಬದಲಿಯಾಗಿ ಕರೆಸಿಕೊಂಡದ್ದು ಕರ್ನಾಟಕದವರೇ ಆದ ಕರುಣ್ ನಾಯರ್ ಅವರನ್ನು.

ಅಂಥ ಒಂದೊಂದು ಕುಸಿತವೂ ಫ್ಯಾಂಟಸಿ ಆಟದವರಿಗೆ ಅಂಕದ ಲೆಕ್ಕ. ಹಣ ಕಟ್ಟುವ ಆಟಗಳಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ 2021ರ ಅಕ್ಟೋಬರ್ 5ರಿಂದ ತಡೆ ಒಡ್ಡಿತು, ಡ್ರೀಮ್11 ಅದೇ ತಿಂಗಳು ರಾಜ್ಯದಲ್ಲಿ ಬಾಗಿಲು ಮುಚ್ಚಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ತಿದ್ದುಪಡಿಯ ಆ ಭಾಗಗಳನ್ನು ರದ್ದುಪಡಿಸಿದ ಮೇಲೆ ಆಟ ಮರಳಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಬೆಳೆಯ ದುಡ್ಡು ಕೈಗೆ ಬರುವ ತಿಂಗಳಲ್ಲೇ ಆ ಆಟ ಊರಿಗೆ ಬರುತ್ತಿತ್ತು ಎಂಬುದನ್ನು ನೆನೆದರೆ, ಆ ಕಾನೂನು ಇನ್ನೂ ಮುಂಚೆ ಬರಬೇಕಿತ್ತು.

ನಿಷೇಧಕ್ಕೆ ಮುಂಚಿನ ಕೊನೆಯ ಐಪಿಎಲ್‌ನಲ್ಲೂ ಬದಲಿಯ ಸರಪಳಿ ತುಂಡಾಗಲಿಲ್ಲ. ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಪರ ಆಡಿ ಈ ಭಾಗದವರಿಗೆ ತಮ್ಮವನೇ ಎನಿಸಿದ್ದ ದೇವದತ್ತ ಪಡಿಕ್ಕಲ್, ಹತ್ತು ಪಂದ್ಯದಲ್ಲಿ 247 ರನ್ ಗಳಿಸಿ ತೊಡೆಯ ಸ್ನಾಯು ನೋವಿಗೆ ಹೊರಗುಳಿದರು. ಹರಾಜಿನಲ್ಲಿ ಬಿಡ್ ಸಿಗದ ಮಯಂಕ್ ಅಗರ್ವಾಲ್‌ಗೆ ಕರೆ ಹೋಯಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಪಡಿಕ್ಕಲ್ ಜಾಗದಲ್ಲಿ ಇಳಿದ ಮಯಂಕ್ 18 ಎಸೆತಗಳಲ್ಲಿ 24 ಹೊಡೆದರು. ಬೆಂಗಳೂರು ಆರು ರನ್ನಿಂದ ಗೆದ್ದಿತು. ಹದಿನೆಂಟು ಋತು ಕಾದ ಕಪ್ಪನ್ನು ನಾಯಕನಾಗಿ ಕೈಗೆತ್ತಿಕೊಂಡವರು, ಮೂರು ವರ್ಷದ ಹಿಂದೆ ಸಿಸೋಡಿಯಾ ಬದ್ಲಿ ಬಂದಿದ್ದ ಪಾಟೀದಾರ್.