ನಾಲಿಗೆಯ ಮೇಲಿನ ಬಿಳಿ ಪೊರೆ

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಕುರಿತು ಚಿಕ್ಕದೊಂದು ವರದಿ ಬಂತು. ಮುಂದೆ ಏಡ್ಸ್ ಎಂಬ ಹೆಸರು ಪಡೆದ ಕಾಯಿಲೆಯ ಚರಿತ್ರೆ ಶುರುವಾಗುವುದು ಅಲ್ಲಿಂದ. ಐವರಿಗೂ ಅಪರೂಪದ ನ್ಯುಮೋನಿಯಾ ತಗುಲಿತ್ತು. ಎಲ್ಲರ ನೆನಪಿನಲ್ಲಿ ಉಳಿದದ್ದು ಅದು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಐವರ ಲೋಳೆಪೊರೆಯಲ್ಲೂ ಕ್ಯಾಂಡಿಡಾ ಸೋಂಕು ಕಂಡಿತ್ತು. ಮೊದಲ ರೋಗಿಗೆ 33 ವರ್ಷ. ಎರಡು ತಿಂಗಳು ಜ್ವರದಲ್ಲಿ ನರಳಿ ಬಂದ ಅವನ ಬಾಯಲ್ಲೇ ಆ ಸೋಂಕಿತ್ತು.

ಕ್ಯಾಂಡಿಡಾ ಒಂದು ಬಗೆಯ ಬೂಷ್ಟು. ಎಷ್ಟೋ ಜನರ ಬಾಯಲ್ಲಿ ಅದು ಯಾವ ತಂಟೆಯೂ ಮಾಡದೆ ಬದುಕಿರುತ್ತದೆ. ಹಾಲುಗೂಸಿನ ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳಿ ಪೊರೆ ಕಟ್ಟುವುದು ತಾಯಂದಿರಿಗೆ ಗೊತ್ತು. ಸಕ್ಕರೆ ಕಾಯಿಲೆಯವರಿಗೆ, ಕಟ್ಟಿಸಿದ ಹಲ್ಲಿನವರಿಗೆ, ಬಹಳ ದಿನ ಆ್ಯಂಟಿಬಯಾಟಿಕ್ ನುಂಗಿದವರಿಗೆ ಹೀಗಾದರೆ ವೈದ್ಯರು ಬೆಚ್ಚುವುದಿಲ್ಲ. ಇಂಥ ಯಾವ ಕಾರಣವೂ ಇಲ್ಲದ ಮೂವತ್ತರ ಗಟ್ಟಿಮುಟ್ಟಾದ ಆಳಿನ ಬಾಯಲ್ಲಿ ಅದೇಕೆ ಬೆಳೆಯಬೇಕು? ಬೂಷ್ಟನ್ನು ಹದ್ದಿನಲ್ಲಿಡುವ ಬಿಳಿ ರಕ್ತಕಣಗಳೇ ಅವನ ಮೈಯಲ್ಲಿ ಸಾಯುತ್ತಿದ್ದವು. ಕಾವಲು ತಪ್ಪಿದ್ದು ಮೊದಲು ಕಣ್ಣಿಗೆ ಬಿದ್ದದ್ದು ಬಾಯಲ್ಲಿ.

ಇದಕ್ಕೆ ಲೆಕ್ಕದ ಆಧಾರ ಸಿಕ್ಕಿದ್ದು 1984ರಲ್ಲಿ, ನ್ಯೂಯಾರ್ಕಿನಲ್ಲಿ. ರಾಬರ್ಟ್ ಕ್ಲೈನ್ ಮತ್ತು ಸಂಗಡಿಗರು ಏಡ್ಸ್ ಸೋಂಕಿನ ಅಪಾಯವಿದ್ದವರ ಪೈಕಿ ಕಾರಣವಿಲ್ಲದೆ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ದ 22 ಮಂದಿಯ ಮೇಲೆ ಕಣ್ಣಿಟ್ಟರು. ಅವರಲ್ಲಿ 13 ಜನರಿಗೆ ಏಡ್ಸ್‌ನ ದೊಡ್ಡ ಕಾಯಿಲೆಗಳು ಅಂಟಿದವು, ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ. ಏಡ್ಸ್ ಸೋಂಕು ಪತ್ತೆಹಚ್ಚುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಪರವಾನಗಿ ದೊರೆತದ್ದು 1985ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಒಂದು ಟಾರ್ಚು, ಒಂದು ಮರದ ಪಟ್ಟಿ ಹಿಡಿದು ಬಾಯಿ ನೋಡಿದವರ ಕೈಯಲ್ಲಿದ್ದ ಸುಳಿವು ಸಣ್ಣದೇನಲ್ಲ.

ಅದೇ 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮತ್ತೊಂದು ಗುರುತು ವರದಿಯಾಯಿತು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಗ್ರೀನ್‌ಸ್ಪ್ಯಾನ್ ಮತ್ತು ಪತಿ ಜಾನ್ ಗ್ರೀನ್‌ಸ್ಪ್ಯಾನ್ ದಂತವೈದ್ಯ ವಿಭಾಗದಲ್ಲಿದ್ದರು. ಕೆಲವು ಸಲಿಂಗಕಾಮಿ ಯುವಕರ ನಾಲಿಗೆಯ ಅಂಚಿನಲ್ಲಿ ನೆರಿಗೆ ನೆರಿಗೆಯಾಗಿ, ಸಣ್ಣ ಕೂದಲು ಎದ್ದಂತೆ ಕಾಣುವ ಬಿಳಿ ಮಚ್ಚೆ ಅವರಿಗೆ ಕಂಡಿತು. ಕ್ಯಾಂಡಿಡಾದ ಪೊರೆಯನ್ನು ಹತ್ತಿಬಟ್ಟೆಯಿಂದ ಒರೆಸಿದರೆ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪು ಚರ್ಮ ಉಳಿಯುತ್ತದೆ. ಇದು ಎಷ್ಟು ಕೆರೆದರೂ ಬರಲಿಲ್ಲ. ‘ಹೇರಿ ಲ್ಯೂಕೊಪ್ಲೇಕಿಯಾ’ ಎಂದು ಹೆಸರಿಟ್ಟರು. ನಾಲಿಗೆಯ ಹೊರಪದರದ ಕೋಶಗಳಲ್ಲಿ ಎಪ್ಸ್ಟೈನ್-ಬಾರ್ ವೈರಸ್ ಮರಿ ಹಾಕುವುದೇ ಇದರ ಮೂಲವೆಂದು ಮರುವರ್ಷ ತೋರಿಸಿದರು. ನೋಯದ, ಉರಿಯದ ಮಚ್ಚೆ; ರೋಗಿಗೆ ತನ್ನ ಬಾಯಲ್ಲಿ ಅದಿದೆ ಎಂಬುದೇ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಹಲ್ಲು ನೋಡಲು ಕೂತ ವೈದ್ಯರು ನಾಲಿಗೆಯ ಪಕ್ಕವನ್ನೂ ತಿರುಗಿಸಿ ನೋಡಿದ್ದು ಎಂಥ ಉಪಕಾರ!

ಅಂಗುಳಿನಲ್ಲಿ ನೇರಳೆ ಕಲೆಯಾಗಿ ತೋರುತ್ತಿದ್ದ ಕಪೋಸಿ ಎಂಬ ಕ್ಯಾನ್ಸರ್ ಗಡ್ಡೆಯೂ ಈ ಗುರುತುಗಳ ಸಾಲಿಗೆ ಸೇರಿತು. ಬಾಯಿ ಮುಟ್ಟಿ ನೋಡುವವರಲ್ಲಿ ಭಯವೂ ಬೆಳೆಯಿತು. ಬರಿಗೈಯಲ್ಲೇ ಹಲ್ಲು ಕೀಳುತ್ತಿದ್ದ ಕಾಲ ಅದು. ದಂತವೈದ್ಯರು ಗ್ಲೌಸ್, ಮಾಸ್ಕ್ ತೊಡಬೇಕೆಂಬ ಶಿಫಾರಸು 1986ರಲ್ಲಿ ಹೊರಬಿತ್ತು.

ಪ್ರಯೋಗಾಲಯಗಳೇ ಇಲ್ಲದ ಕಡೆ ಬಾಯಿಯ ಸಾಕ್ಷ್ಯಕ್ಕೆ ಇನ್ನೂ ಹೆಚ್ಚಿನ ಬೆಲೆ. 1985ರ ಅಕ್ಟೋಬರಿನಲ್ಲಿ ಮಧ್ಯ ಆಫ್ರಿಕಾದ ಬಾಂಗಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಭೆ, ರಕ್ತಪರೀಕ್ಷೆಯಿಲ್ಲದೆ ಏಡ್ಸ್ ಗುರುತಿಸುವ ಲಕ್ಷಣಗಳ ಪಟ್ಟಿ ಮಾಡಿತು. ತೂಕ ಇಳಿಯುವುದು, ತಿಂಗಳು ದಾಟಿದ ಭೇದಿ, ಜ್ವರ ಮುಖ್ಯ ಲಕ್ಷಣಗಳು. ಜೊತೆಗಿನ ಪೂರಕ ಲಕ್ಷಣಗಳಲ್ಲಿ ಬಾಯಿ-ಗಂಟಲ ಕ್ಯಾಂಡಿಡಾ ಒಂದು.

ಭಾರತದಲ್ಲಿ ಏಡ್ಸ್ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಬಾಯಿಯ ಗುರುತುಗಳ ಅಧ್ಯಯನವೂ ಮುಂದೆ ಅದೇ ಊರಿನಲ್ಲಿ ನಡೆದು, ನೂರಾರು ದಕ್ಷಿಣ ಭಾರತೀಯ ರೋಗಿಗಳ ಬಾಯಿ ಪರೀಕ್ಷಿಸಿದ ವರದಿಗಳು ಬಂದವು.

ಬಿಸಿ ಊಟಕ್ಕೋ ನಿದ್ದೆಗೆಟ್ಟದ್ದಕ್ಕೋ ಏಳುವ ಸಾಮಾನ್ಯ ಬಾಯಿಹುಣ್ಣಿಗೂ ಈ ಕಥೆಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬಿಳಿ ಪೊರೆ ಕಂಡವರೆಲ್ಲ ಸೋಂಕಿತರೂ ಅಲ್ಲ. ಅದು ರಕ್ತಪರೀಕ್ಷೆಗೆ ದಾರಿ ತೋರಬಹುದು, ಅಷ್ಟೇ.

2004ರ ಏಪ್ರಿಲ್‌ನಿಂದ ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸರ್ಕಾರ ಏಡ್ಸ್ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಮಾತ್ರೆ ಹಿಡಿದಂತೆ ಪೊರೆ ಹಿಂದೆಗೆಯುತ್ತದೆ. ತಪ್ಪದೆ ಮಾತ್ರೆ ನುಂಗುವವರ ಬಾಯಲ್ಲಿ ಅದು ಮತ್ತೆ ಕಾಣಿಸಿಕೊಂಡರೆ, ಔಷಧಿ ನಾಟುತ್ತಿಲ್ಲವೇನೋ ಎಂದು ವೈದ್ಯರು ಇಂದಿಗೂ ಹೊಸದಾಗಿ ರಕ್ತ ತೆಗೆಸಿ ನೋಡುತ್ತಾರೆ.